ರಾಕ್ಷಸನ ಮಾತು ಕೇಳಿದ ಸುರಪುರದ ಸಾಹೇಬ

ಸುರಪುರದ ಗುಡ್ಡದ ಮೇಲೆ, ಪೇಟೆಯ ಗದ್ದಲದಿಂದ ತುಸು ದೂರಕ್ಕೆ, ಜನ ಇಂದಿಗೂ ‘ಟೇಲರ್ ಮಂಜಿಲ್’ ಎಂದೇ ಕರೆಯುವ ಬಂಗಲೆಯೊಂದಿದೆ. ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಈ ಬೇಡ ನಾಯಕರ ಸಂಸ್ಥಾನದ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ. ಕೆರೆ ಕಟ್ಟೆ ದುರಸ್ತಿ ಮಾಡಿಸಿದವನು, ಕಂದಾಯದ ಗೋಜಲು ಬಿಡಿಸಿದವನು ಎಂದು ಈ ಸೀಮೆಯಲ್ಲಿ ಅವನ ನೆನಪು ಉಳಿದಿದೆ. ಆದರೆ ಸುರಪುರಕ್ಕೆ ಕಾಲಿಡುವ ಎರಡು ವರ್ಷ ಮೊದಲೇ ಲಂಡನ್ನಿನಲ್ಲಿ ಅವನ ಹೆಸರು ಮನೆಮಾತಾಗಿತ್ತು ಎಂಬುದು ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅದಕ್ಕೆ ಕಾರಣ ಒಬ್ಬ ಕೊಲೆಗಡುಕ. 719 ಜನರನ್ನು ಕೊಂದೆನೆಂದು ಹೇಳಿಕೊಂಡ ಠಗ್ಗನೊಬ್ಬನ ಬಾಯಿಂದಲೇ ಮೂರು ಸಂಪುಟಗಳಷ್ಟು ಕಥೆ ಹೇಳಿಸಿ ಟೇಲರ್ ಕಾದಂಬರಿ ಬರೆದಿದ್ದ.

‘ಕನ್‌ಫೆಶನ್ಸ್ ಆಫ್ ಎ ಠಗ್’ ಎಂಬ ಈ ಕಾದಂಬರಿ ಹೊರಬಂದದ್ದು 1839ರಲ್ಲಿ. ಪುಸ್ತಕವಾಗುವ ಮುನ್ನವೇ ಅದರ ಅಚ್ಚಿನ ಹಾಳೆಗಳನ್ನು ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದಳಂತೆ. ಕಥಾನಾಯಕ ಅಮೀರ್ ಅಲಿ ಸರ್ಕಾರದ ಪರ ಸಾಕ್ಷಿ ನುಡಿಯಲು ಒಪ್ಪಿ ಜೀವ ಉಳಿಸಿಕೊಂಡ ಸೆರೆಯಾಳು. ಎದುರಿಗೆ ಹೆಸರಿಲ್ಲದ ಒಬ್ಬ ಸಾಹೇಬ ಕುಳಿತು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ, ನಡುನಡುವೆ ಅಸಹ್ಯಪಡುತ್ತಾನೆ, ಮತ್ತೆ ಕೇಳುತ್ತಾನೆ. ಹೇಳುವವನಲ್ಲಿ ಪಶ್ಚಾತ್ತಾಪದ ಲವಲೇಶವೂ ಇಲ್ಲ. ಜೈಲಿನಲ್ಲಿ ವರ್ಷಗಟ್ಟಲೆ ಕಳೆಯದೇ ಇದ್ದಿದ್ದರೆ ಲೆಕ್ಕ ಸಾವಿರ ಮುಟ್ಟುತ್ತಿತ್ತು ಎಂದು ಹಳಹಳಿಸುವ ಮನುಷ್ಯ ಅವನು.

ಇಂಥವನ ಬಗ್ಗೆ ಓದುಗನಿಗೆ ಕನಿಕರ ಹುಟ್ಟುವುದು ಹೇಗೆ? ಟೇಲರ್ ಅದನ್ನು ಸದ್ದಿಲ್ಲದೆ ಸಾಧಿಸುತ್ತಾನೆ. ಅಮೀರ್ ಅಲಿ ಹುಟ್ಟಿನಿಂದ ಠಗ್ಗನಲ್ಲ. ಮಗುವಾಗಿದ್ದಾಗ ಅವನ ಹೆತ್ತವರನ್ನು ದಾರಿಯಲ್ಲಿ ಠಗ್ಗರು ಕೊಂದರು. ಕೊಂದವರಲ್ಲಿ ಒಬ್ಬನಾದ ಇಸ್ಮಾಯಿಲನಿಗೆ ಮಕ್ಕಳಿರಲಿಲ್ಲ. ಹುಡುಗನನ್ನು ಎತ್ತಿಕೊಂಡು ಹೋಗಿ ಮಗನಂತೆ ಸಾಕಿದ. ಕೊರಳು ಬಿಗಿದ ಕೈಯೇ ತುತ್ತು ಉಣಿಸಿತು. ಹುಡುಗ ಪ್ರೀತಿಸಿದ್ದು, ಮೆಚ್ಚಿಸಲು ಹೆಣಗಿದ್ದು ಆ ಕೈಯನ್ನೇ. ಕಾದಂಬರಿಯ ಕೊನೆಯ ಭಾಗದಲ್ಲಿ, ತಾನು ದಾರಿಯಲ್ಲಿ ಕೊಂದ ಹೆಂಗಸು ಒಡಹುಟ್ಟಿದ ತಂಗಿಯೇ ಎಂದು, ಅವಳ ಕೊರಳಿನ ತಾಯಿತದಿಂದ ಅವನಿಗೆ ತಿಳಿಯುತ್ತದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯುತ್ತದೆ. ಓದುಗನೂ ಒಳಗೊಳಗೇ ಸಡಿಲಾಗುತ್ತಾನೆ. ಮರುಕ್ಷಣವೇ 719 ಎಂಬ ಅಂಕಿ ನೆನಪಾಗಿ ತನ್ನ ಮೇಲೆ ತಾನೇ ಸಿಡುಕಿಕೊಳ್ಳುತ್ತಾನೆ.

ರಾಕ್ಷಸನನ್ನೇ ಮಾತಾಡಲು ಬಿಡುವ ಈ ವಿಧಾನಕ್ಕೆ ಇಂಗ್ಲಿಷಿನಲ್ಲಿ ಅದಕ್ಕೂ 21 ವರ್ಷ ಹಿಂದಿನ ಒಂದು ಪ್ರಸಿದ್ಧ ಉದಾಹರಣೆಯಿದೆ: ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಮಳೆ-ಚಳಿಯ ದಿನಗಳಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಸೇರಿದ ಗೆಳೆಯರು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಪಂಥ ಕಟ್ಟಿಕೊಂಡರು. ಮೇರಿಗೆ ಆಗ 18 ವರ್ಷ. ಹೆತ್ತ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡವಳು. ಹಿಂದಿನ ವರ್ಷವಷ್ಟೇ ತನ್ನ ಮೊದಲ ಹಸುಗೂಸನ್ನು ಕಳೆದುಕೊಂಡಿದ್ದವಳು. ಕಾದಂಬರಿ ಲೇಖಕಿಯ ಹೆಸರಿಲ್ಲದೆ 1818ರ ಜನವರಿ 1ರಂದು ಪ್ರಕಟವಾಯಿತು.

ಫ್ರಾಂಕೆನ್‌ಸ್ಟೈನ್ ಎಂದರೆ ರಾಕ್ಷಸನ ಹೆಸರು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅವನನ್ನು ಹೆಣಗಳ ತುಂಡುಗಳಿಂದ ಜೋಡಿಸಿ ಜೀವ ತುಂಬಿದ ವಿದ್ಯಾರ್ಥಿಯ ಹೆಸರು. ಸೃಷ್ಟಿಯಾದವನಿಗೆ ಹೆಸರೇ ಇಲ್ಲ. ಕಣ್ಣು ಬಿಟ್ಟ ಗಳಿಗೆಯಲ್ಲೇ ಸೃಷ್ಟಿಸಿದವನು ಹೇಸಿ ಓಡಿಹೋದ. ಹೆಸರಿಡಲು ಯಾರಿದ್ದರು?

ಆ ಕಾದಂಬರಿಯ ಜೀವ ಇರುವುದು ಹೆಣ ಜೋಡಿಸುವ ಪ್ರಯೋಗಶಾಲೆಯಲ್ಲಲ್ಲ, ಒಂದು ಹಂದಿಗೂಡಿನಂಥ ಗುಡಿಸಲಿನಲ್ಲಿ. ಎಲ್ಲ ಕಡೆ ಕಲ್ಲಿನೇಟು ತಿಂದು ಆ ಜೀವ ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಅಡಗುತ್ತದೆ. ಗೋಡೆಯ ಬಿರುಕಿನಿಂದ ಒಳಗಿನವರನ್ನು ನೋಡುತ್ತದೆ. ಅವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತದೆ. ಅವರು ಹಸಿದಿದ್ದಾರೆಂದು ತಿಳಿದ ಮೇಲೆ ಅವರ ಆಹಾರ ಕದಿಯುವುದನ್ನು ಬಿಡುತ್ತದೆ. ರಾತ್ರಿ ಹೊತ್ತು ಸೌದೆ ಕಡಿದು ಬಾಗಿಲಿಗೆ ತಂದಿಡುತ್ತದೆ. ಸಿಕ್ಕ ಪುಸ್ತಕಗಳಲ್ಲಿ ಮಿಲ್ಟನ್ ಕವಿಯ ಮಹಾಕಾವ್ಯವನ್ನು ಓದಿ, ಆದಿಪುರುಷ ಆದಮನಿಗೂ ತನಗೂ ಹೋಲಿಕೆ ಹುಡುಕುತ್ತದೆ. ಮನೆಯ ಮುದುಕನಿಗೆ ಕಣ್ಣಿಲ್ಲ. ಉಳಿದವರು ಹೊರಗೆ ಹೋದ ಹೊತ್ತು ನೋಡಿ ಒಳಗೆ ಬಂದು ಅವನ ಮುಂದೆ ಕುಳಿತು ಮಾತಾಡುತ್ತದೆ. ಮುದುಕ ಸಮಾಧಾನ ಹೇಳುತ್ತಾನೆ. ಇಡೀ ಕಾದಂಬರಿಯಲ್ಲಿ ಅದರ ಜೊತೆ ಹೆದರದೆ ಕುಳಿತು ಮಾತಾಡುವವನು ಈ ಕುರುಡನೊಬ್ಬನೇ. ಅಷ್ಟರಲ್ಲಿ ಮಗ ಬಂದು ನೋಡಿ, ಕೋಲು ತೆಗೆದುಕೊಂಡು ಬಡಿಯುತ್ತಾನೆ. ಕೊಲೆಗಳು ಶುರುವಾಗುವುದು ಅದಾದ ಮೇಲೆ. ನಡುವೆ ಒಂದು ಕೋರಿಕೆಯೂ ಇದೆ: ತನ್ನಂಥದೇ ಒಬ್ಬ ಸಂಗಾತಿಯನ್ನು ಮಾಡಿಕೊಡು, ಮನುಷ್ಯರ ಕಣ್ಣಿಗೆ ಬೀಳದಂತೆ ದೂರ ಹೋಗುತ್ತೇನೆ. ಒಪ್ಪಿದ ಯಜಮಾನ ಅರ್ಧಕ್ಕೆ ಮನಸ್ಸು ಬದಲಿಸಿ, ಆ ಹೆಣ್ಣಿನ ದೇಹವನ್ನು ಅದರ ಕಣ್ಣೆದುರೇ ಹರಿದು ಹಾಕುತ್ತಾನೆ.

ಇಷ್ಟೆಲ್ಲ ಮಾತಾಡಿದ ಜೀವವನ್ನು ಜನಪ್ರಿಯ ರಂಗಭೂಮಿ ಮೂಕವಾಗಿಸಿತು. 1823ರಲ್ಲಿ ಲಂಡನ್ನಿನಲ್ಲಿ ಆಡಿದ ನಾಟಕದಲ್ಲಿ ಅದಕ್ಕೆ ಮಾತೇ ಇರಲಿಲ್ಲ. ಪಾತ್ರಗಳ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಬರಿಯ ಗೆರೆ. ನಾಟಕ ನೋಡಿದ ಮೇರಿ ಶೆಲ್ಲಿಗೆ ಆ ಗೆರೆ ಮೆಚ್ಚಿಕೆಯಾಯಿತು. 1931ರ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಮಾಡಿದ ರಾಕ್ಷಸ ಗುರುಗುಟ್ಟುತ್ತಾನೆ, ಅಷ್ಟೇ. ಶುರುವಿನ ಪಟ್ಟಿಯಲ್ಲಿ ನಟನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಜಗತ್ತಿನ ಮನಸ್ಸಿನಲ್ಲಿ ಉಳಿದದ್ದು ಆ ಮೂಕ ಮುಖವೇ.

ಕನ್ನಡದ ಓದುಗರಿಗೆ ಖಳನ ಮೇಲಿನ ಕನಿಕರ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ರನ್ನ ದುರ್ಯೋಧನನನ್ನು ಹೆಣಗಳ ನಡುವೆ ಒಬ್ಬಂಟಿಯಾಗಿ ನಡೆಸಿ, ವೈಶಂಪಾಯನ ಸರೋವರದಲ್ಲಿ ಮುಳುಗಿಸಿ ಕೂರಿಸಿದ. ನಾಗಚಂದ್ರನ ರಾವಣನಲ್ಲಿ ಬಿ.ಎಂ. ಶ್ರೀಕಂಠಯ್ಯನವರು ದುರಂತ ನಾಯಕನನ್ನೇ ಕಂಡರು. ಆದರೆ ಇವರೆಲ್ಲ ಸಿಂಹಾಸನದಿಂದ ಬಿದ್ದವರು. ಬೀಳಲು ಎತ್ತರವಾದರೂ ಇತ್ತು. ಫ್ರಾಂಕೆನ್‌ಸ್ಟೈನ್‌ನ ಜೀವಕ್ಕೆ ಕುಲವಿಲ್ಲ, ಊರಿಲ್ಲ. ಅದಕ್ಕಿರುವ ಆಸ್ತಿ ತನ್ನ ಕಥೆಯೊಂದೇ. ಅದನ್ನೂ ತಾನಾಗಿ ಬರೆದಿಡಲಾರದು. ಕೇಳಿಸಿಕೊಂಡವನು ಇನ್ನೊಬ್ಬನಿಗೆ ಹೇಳಬೇಕು. ಜೀವ ಹೇಳಿದ್ದನ್ನು ಫ್ರಾಂಕೆನ್‌ಸ್ಟೈನ್ ಹೇಳುತ್ತಾನೆ, ಅವನು ಹೇಳಿದ್ದನ್ನು ವಾಲ್ಟನ್ ಎಂಬ ನಾವಿಕ ಬರೆದುಕೊಂಡು ತನ್ನ ಅಕ್ಕನಿಗೆ ಪತ್ರ ಕಳಿಸುತ್ತಾನೆ. ಮೂರು ಗೋಡೆಗಳಾಚೆಯಿಂದ ಬರುವ ದನಿ ಅದು. ಈ ಗೋಡೆಗಳ ವಿಚಾರ ನೆನಪಿಟ್ಟುಕೊಂಡು ಮತ್ತೆ ಸುರಪುರಕ್ಕೆ ಬರಬೇಕು. ಏಕೆಂದರೆ ಅಮೀರ್ ಅಲಿಯನ್ನು ಸೃಷ್ಟಿಸಿದ ಲೇಖಕನಿಗೆ ಇಲ್ಲಿ ನಿಜಜೀವನದಲ್ಲೇ ಅಂಥ ಒಂದು ದನಿ ಕೇಳಬೇಕಾಗಿ ಬಂತು.

ಸುರಪುರದ ನಾಯಕರು ಸುತ್ತಲಿನ ದೊಡ್ಡ ರಾಜ್ಯಗಳ ಕಣ್ಣಿಗೆ ಎಂದೂ ಸರಿಸಮಾನರಾಗಿ ಕಂಡವರಲ್ಲ. 1705ರಲ್ಲಿ ಸುರಪುರಕ್ಕೆ ಹತ್ತಿರದ ವಾಗಿನಗೇರಿ ಕೋಟೆಯನ್ನು ಮುತ್ತಲು ವೃದ್ಧ ಔರಂಗಜೇಬನೇ ಖುದ್ದಾಗಿ ಬಂದ. ಅವನ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು, ಪಿಡ್ಡ ನಾಯಕ ಸಿಕ್ಕಲಿಲ್ಲ. ದಿಲ್ಲಿಯ ಇತಿಹಾಸಕಾರರು ಈ ಬೇಡರ ಬಗ್ಗೆ ಬರೆದ ಮಾತುಗಳಲ್ಲಿ ಸೋಲಿನ ಕಹಿಯೂ ಕುಲದ ತಾತ್ಸಾರವೂ ಬೆರೆತಿವೆ. ನಂತರ ನಿಜಾಮನ ಕಪ್ಪ, ಪೇಶ್ವೆಯ ಬಾಕಿ, ಸಾಲದ ಮೇಲೆ ಸಾಲ. ಸಂಸ್ಥಾನ ಹಣ್ಣಾಗಿ, ಗದ್ದುಗೆಯ ಜಗಳ ಹೊತ್ತಿಕೊಂಡಾಗ ಟೇಲರ್ ಬಂದ. ಗದ್ದುಗೆಯ ವಾರಸುದಾರ ನಾಲ್ವಡಿ ವೆಂಕಟಪ್ಪ ನಾಯಕ ಆಗಿನ್ನೂ ಏಳೆಂಟು ವರ್ಷದ ತಂದೆಯಿಲ್ಲದ ಹುಡುಗ.

ಟೇಲರ್ ಕೂಡ ಒಂಟಿಯೇ. ಲಿವರ್‌ಪೂಲ್‌ನಲ್ಲಿ ಹುಟ್ಟಿ, 15ನೆಯ ವಯಸ್ಸಿಗೇ ವ್ಯಾಪಾರಿಯೊಬ್ಬನ ಗುಮಾಸ್ತನಾಗಲು 1824ರಲ್ಲಿ ಮುಂಬಯಿಗೆ ಬಂದವನು. ಆ ವ್ಯಾಪಾರ ಪೊಳ್ಳೆಂದು ತಿಳಿದು ನಿಜಾಮನ ಸೈನ್ಯ ಸೇರಿದ. ಕಂಪನಿಯ ಖಾಸಾ ನೌಕರನಲ್ಲವಾದ್ದರಿಂದ ತನ್ನವರಲ್ಲೂ ಅವನಿಗೆ ಒಂದು ಮೆಟ್ಟಿಲು ಕೆಳಗಿನ ಸ್ಥಾನ. 1844ರಲ್ಲಿ ಹೆಂಡತಿ ತೀರಿಕೊಂಡಳು. ಮಕ್ಕಳು ದೂರದ ಇಂಗ್ಲೆಂಡಿನಲ್ಲಿ. ಗುಡ್ಡದ ಮೇಲಿನ ಬಂಗಲೆಯಲ್ಲಿ ಮಾತಿಗೆ ಸಿಗುವ ಮತ್ತೊಬ್ಬ ಬಿಳಿಯನಿರಲಿಲ್ಲ. ಹುಡುಗ ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ.

ಈ ಒಂಟಿತನದಲ್ಲಿ ಟೇಲರ್ ಬೋನಾಳ ಕೆರೆಯ ಕೆಲಸ ಮಾಡಿಸಿದ. ಊರೂರು ಸುತ್ತಿ ಹಳೆಯ ಕಲ್ಲುಗಳನ್ನು ಲೆಕ್ಕ ಹಾಕಿದ. ಈಗ ಹುಣಸಗಿ ತಾಲ್ಲೂಕಿಗೆ ಸೇರಿದ ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳು ವಿದ್ವಾಂಸರ ಗಮನಕ್ಕೆ ಬಂದದ್ದು ಅವನ ಬರಹಗಳಿಂದ. ಈ ಕಲ್ಲುಮನೆಗಳಲ್ಲಿ ಇದ್ದವರು ‘ಮೋರಿಯರು’ ಎಂಬ ಕುಳ್ಳಜಾತಿಯವರು, ಮನುಷ್ಯರಂಥ ಮನುಷ್ಯರಲ್ಲ ಎಂಬ ನಂಬಿಕೆ ಕೊಪ್ಪಳದ ಹಿರೇಬೆಣಕಲ್‌ವರೆಗೂ ಇದೆ. ಭೀಮಾತೀರದ ಜೇವರ್ಗಿ ಬಳಿ ಅಂಥದೇ ಪುರಾತನ ಗೋರಿಗಳನ್ನು ಟೇಲರ್ ಅಗೆಸಿದ. ಸಿಕ್ಕಿದ್ದು ಸಾಮಾನ್ಯ ಅಳತೆಯ ಮನುಷ್ಯರ ಎಲುಬು, ಪಕ್ಕದಲ್ಲಿ ಮಡಕೆ.

ಹಾಗೆಂದು ಟೇಲರನ ಕನಿಕರಕ್ಕೆ ಮಿತಿ ಇರಲಿಲ್ಲವೆಂದು ತಿಳಿಯಬೇಕಿಲ್ಲ. ಅವನ ಆತ್ಮಕಥೆಯಲ್ಲಿ ಬಾಲರಾಜನ ತಾಯಿ ರಾಣಿ ಈಶ್ವರಮ್ಮ ಪಕ್ಕಾ ರಾಕ್ಷಸಿ: ದುರಾಸೆ, ಕುಟಿಲತೆ, ಕಾಮ, ಇನ್ನೇನು ಬೇಕು? ಗಂಡ ಸತ್ತ ಹೆಂಗಸೊಬ್ಬಳು ಮೈದುನನ ಕಡೆಯವರ, ನಿಜಾಮನ, ಕಂಪನಿಯ ಸರ್ಕಾರದ ನಡುವೆ ಮಗನ ಗದ್ದುಗೆ ಉಳಿಸಿಕೊಳ್ಳಲು ಹೋರಾಡಿದ್ದನ್ನು ಅವಳ ಬಾಯಿಂದ ಹೇಳಿಸುವ ಮನಸ್ಸು ಅವನಿಗೆ ಬರಲಿಲ್ಲ. ಠಗ್ಗನಿಗೆ ಮೂರು ಸಂಪುಟ ಕೊಟ್ಟವನು ರಾಣಿಗೆ ಒಂದು ಪುಟವನ್ನೂ ಕೊಡಲಿಲ್ಲ. ಠಗ್ಗನ ವಿಷಯದಲ್ಲೂ ಕೇಳುವವನ ಕೈಯೇ ಮೇಲು. ಅಮೀರ್ ಅಲಿ ಮಾತಾಡುವುದು ಸೆರೆಯೊಳಗೆ, ಸಾಹೇಬನ ಮುಂದೆ, ಪ್ರಾಣ ಉಳಿಸಿಕೊಂಡ ಋಣಕ್ಕೆ. ಇಂಥ ತಪ್ಪೊಪ್ಪಿಗೆಗಳ ಮೇಲೆಯೇ ಸ್ಲೀಮನ್‌ನಂಥ ಅಧಿಕಾರಿಗಳು ದೇಶವ್ಯಾಪಿ ಠಗ್ಗರ ಪಂಥವೊಂದರ ಚಿತ್ರ ಕಟ್ಟಿದರು. ಅದರಲ್ಲಿ ಎಷ್ಟು ನಿಜ, ಎಷ್ಟು ಆಳುವವರ ಭಯ ಎಂದು ಇತಿಹಾಸಕಾರರು ಈಚಿನ ದಶಕಗಳಲ್ಲಿ ಪ್ರಶ್ನಿಸಿದ್ದಾರೆ. 1871ರಲ್ಲಿ ಬ್ರಿಟಿಷರು ಇಡೀ ಬುಡಕಟ್ಟುಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದರು. ಹುಟ್ಟಿನಿಂದ ಯಾರೂ ಠಗ್ಗರಲ್ಲ ಎಂದು ಟೇಲರ್ ತೋರಿಸಿ ಆಗಲೇ 32 ವರ್ಷಗಳಾಗಿದ್ದವು.

1853ರಲ್ಲಿ ವೆಂಕಟಪ್ಪ ನಾಯಕ ಪ್ರಾಪ್ತ ವಯಸ್ಕನಾದ. ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ವರ್ಗವಾಗಿ ಹೋದ. ನಾಲ್ಕೇ ವರ್ಷಕ್ಕೆ ಉತ್ತರದಲ್ಲಿ ಸಿಪಾಯಿ ದಂಗೆ. 1857ರ ನವೆಂಬರಿನಲ್ಲಿ ಮುಧೋಳದ ಸೀಮೆಯ ಹಲಗಲಿ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ತಿರುಗಿಬಿದ್ದು ನಾಶವಾದರು. ಅವರಿಗೆ ಕಡೇಪಕ್ಷ ಒಂದು ಲಾವಣಿ ದಕ್ಕಿತು. ಆಳುವವರ ಕಡತದಲ್ಲಿ ಪುಂಡರೆನಿಸಿಕೊಂಡವರು ಹಾಡಿನಲ್ಲಿ ತಮ್ಮ ಮಾತು ತಾವೇ ಆಡುತ್ತಾರೆ.

ಸುರಪುರದಲ್ಲಿ 1858ರ ಫೆಬ್ರವರಿ ಮೊದಲ ವಾರ ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ಪಡೆ ಬಂದು ಬೀಡುಬಿಟ್ಟಿತು. 7ರ ರಾತ್ರಿ ರಾಜನ ಕಡೆಯ ಬೇಡರು, ಅರಬರು, ರೋಹಿಲರು ಬೀಡಿನ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನಷ್ಟು ಸೈನ್ಯ ಬರುವ ಸುದ್ದಿ ತಿಳಿದು ರಾಜ ರಾತ್ರೋರಾತ್ರಿ ಕುದುರೆ ಏರಿ ಊರು ಬಿಟ್ಟ. ಹೈದರಾಬಾದ್ ತಲುಪುವ ಹೊತ್ತಿಗೆ ಜೊತೆಗೆ ಉಳಿದವರು ಬೆರಳೆಣಿಕೆಯ ಮಂದಿ. ಆಸರೆ ಸಿಗಬಹುದೆಂದು ಬಜಾರಿನಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ಸಾಲಾರ್ ಜಂಗನಿಗೆ ಒಪ್ಪಿಸಿದರು. ಅವನು ರೆಸಿಡೆಂಟನಿಗೆ ಒಪ್ಪಿಸಿದ. ಅಷ್ಟರಲ್ಲಿ ಆಂಗ್ಲರ ಲೆಕ್ಕದಲ್ಲಿ ಅವನು ಕೃತಘ್ನ, ವಿಷಯಲಂಪಟ, ಅಧಿಕಾರಿಗಳ ರಕ್ತ ಹರಿಸಿದ ದ್ರೋಹಿ. ವಯಸ್ಸು 24 ತುಂಬಿರಲಿಲ್ಲ.

ಆ ಸೆರೆಮನೆಗೆ ಟೇಲರ್ ಹೋದ. ಆತ್ಮಕಥೆಯಲ್ಲಿ ಅತ್ಯಂತ ಮನ ಕಲಕುವ ಪುಟಗಳು ಇವೇ. ಕಂಡ ಕೂಡಲೇ ರಾಜ ಅವನನ್ನು ತಬ್ಬಿ ಅತ್ತ. ಗಲ್ಲು ಮಾತ್ರ ಬೇಡ, ಕಳ್ಳನಂತೆ ನೇತುಹಾಕಿಸಿಕೊಳ್ಳುವಂಥದ್ದೇನನ್ನೂ ಮಾಡಿಲ್ಲ, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ, ನಡುಗದೆ ನಿಲ್ಲುತ್ತೇನೆ ಎಂಬರ್ಥದ ಮಾತಾಡಿದ. ಪ್ರಚೋದಿಸಿದವರು ಯಾರೆಂದು ತಿಳಿಯಬೇಕೆಂಬುದು ಸರ್ಕಾರದ ಆಸೆ. ರಾಜ ಹೆಸರು ಹೇಳಲು ಒಪ್ಪಲಿಲ್ಲ.

ಅಮೀರ್ ಅಲಿಗೂ ವೆಂಕಟಪ್ಪ ನಾಯಕನಿಗೂ ಇರುವ ವ್ಯತ್ಯಾಸ ಈ ಒಂದು ನಿರಾಕರಣೆಯಲ್ಲಿದೆ. ಠಗ್ಗ ತನ್ನವರ ಹೆಸರು ಹೇಳಿ ಬದುಕಿದ, ಅದಕ್ಕೇ ಅವನ ಕಥೆ ಮೂರು ಸಂಪುಟ ತುಂಬಿತು. ರಾಜ ಬಾಯಿಬಿಡಲಿಲ್ಲ. ಅವನ ಪಾಲಿನ ಕಥೆಯಾಗಿ ಉಳಿದದ್ದು ಸೆರೆಮನೆಯ ಕೆಲವೇ ಮಾತು. ಅವೂ ನೇರವಾಗಿ ಬಂದವಲ್ಲ. ಅವನು ಆಡಿದ್ದನ್ನು ಟೇಲರ್ ಇಂಗ್ಲಿಷಿಗೆ ತಿರುಗಿಸಿ ಬರೆದ. 1876ರಲ್ಲಿ ಟೇಲರ್ ತೀರಿಕೊಂಡ ಮೇಲೆ ಮಗಳು ಆಲಿಸ್ ಆ ಬರಹವನ್ನು ತಿದ್ದಿ, 1877ರಲ್ಲಿ ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂದು ಪ್ರಕಟಿಸಿದಳು. ಇಲ್ಲೂ ಮೂರು ಗೋಡೆ. ಕೇಳಿಸಿಕೊಂಡವನು ಪ್ರೀತಿಸಿದವನೇ, ಸುಳ್ಳುಗಾರನೂ ಅಲ್ಲ. ಆದರೆ ಅವನು ಶಿಕ್ಷಿಸುತ್ತಿದ್ದ ಸರ್ಕಾರದ ನೌಕರ. ದುಷ್ಟರ ಸಹವಾಸದಿಂದ ಕೆಟ್ಟ ಹುಡುಗ ಎಂಬುದಕ್ಕಿಂತ ಮುಂದೆ ಅವನ ಕನಿಕರ ಹೋಗಲಾರದು. ರಾಜನಿಗೆ ಬಂಡೇಳಲು ತನ್ನದೇ ಕಾರಣಗಳಿದ್ದಿರಬಹುದು ಎಂದು ಒಪ್ಪಿದರೆ ತನ್ನ 12 ವರ್ಷದ ಆಡಳಿತವನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತಿತ್ತು. ಸುರಪುರದ ಜನ ಇಂದು ಅದೇ ವೆಂಕಟಪ್ಪ ನಾಯಕನನ್ನು ಸ್ವಾತಂತ್ರ್ಯದ ಹುತಾತ್ಮ ಎಂದು ನೆನೆಯುತ್ತಾರೆ.

ವಿಚಾರಣೆಯಲ್ಲಿ ಮರಣದಂಡನೆ ಆಯಿತು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಮತ್ತೂ ಇಳಿಸಿ ಮದ್ರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದ. ಟೇಲರ್ ಆಗ ಮತ್ತೆ ಸುರಪುರದ ಉಸ್ತುವಾರಿಗೆ ಬಂದಿದ್ದ. ಇಲ್ಲಿ ಅವನು ಹೇಳುವ ಪ್ರಸಂಗವೊಂದು ಗಾಥಿಕ್ ಕಾದಂಬರಿಯಿಂದ ಹರಿದು ತಂದ ಪುಟದಂತಿದೆ. ರಾಜ 24ನೆಯ ವಯಸ್ಸು ದಾಟುವುದಿಲ್ಲ ಎಂದು ಅವನ ಜಾತಕ ನುಡಿದಿತ್ತು. ಆಸ್ಥಾನದ ಮುದಿ ಶಾಸ್ತ್ರಿ ವರ್ಷಗಳ ಹಿಂದೆಯೇ ಅದನ್ನು ಟೇಲರನಿಗೆ ಗುಟ್ಟಾಗಿ ಹೇಳಿದ್ದ. ಶಿಕ್ಷೆ ಇಳಿದ ಸುದ್ದಿ ಬಂದಾಗ, ನೋಡಿ, ನಿಮ್ಮ ಜಾತಕ ಸುಳ್ಳಾಯಿತಲ್ಲ ಎಂದು ಟೇಲರ್ ಸಂತೋಷದಿಂದ ಹೇಳಿದ. ಗಂಡಾಂತರದ ಗಡುವು ಇನ್ನೂ ಮುಗಿದಿಲ್ಲ ಎಂದು ಶಾಸ್ತ್ರಿ ತಲೆ ಅಲ್ಲಾಡಿಸಿದ.

ಮದ್ರಾಸಿನ ದಾರಿಯಲ್ಲಿ ಹೈದರಾಬಾದಿನ ಹೊರಗೆ ಅಂಬರ್‌ಪೇಟೆಯಲ್ಲಿ ಮೊದಲ ಬೀಡು. ಬೆಂಗಾವಲಿನ ಅಧಿಕಾರಿ ತನ್ನ ಪಿಸ್ತೂಲನ್ನು ಬಿಚ್ಚಿಟ್ಟು ಅತ್ತ ಹೋಗಿದ್ದಾಗ ಗುಂಡಿನ ಸದ್ದು ಕೇಳಿತು, ಒಳಗೆ ಹೋಗಿ ನೋಡಿದರೆ ರಾಜ ಸತ್ತಿದ್ದ ಎಂದು ಟೇಲರನ ಪುಸ್ತಕ ಹೇಳುತ್ತದೆ. ಅವನು ತಾನಾಗಿ ಸಾಯಲಿಲ್ಲ, ಕೊಂದರು ಎಂಬ ಮಾತು ಸುರಪುರ ಸೀಮೆಯಲ್ಲಿ ಗಟ್ಟಿಯಾಗಿದೆ. ಮೇರಿ ಶೆಲ್ಲಿಯ ಜೀವ ಕೂಡ ಕೊನೆಗೆ ತನ್ನ ಚಿತೆಗೆ ತಾನೇ ಬೆಂಕಿ ಇಟ್ಟುಕೊಳ್ಳುತ್ತೇನೆಂದು ಹೇಳಿ, ಉತ್ತರ ಧ್ರುವದ ಹಿಮದ ಹಲಗೆಯ ಮೇಲೆ ಕತ್ತಲಲ್ಲಿ ತೇಲಿಹೋಗುತ್ತದೆ. ಸಾಯುವುದನ್ನು ನೋಡಿದವರಿಲ್ಲ. ಅಂಬರ್‌ಪೇಟೆಯ ಡೇರೆಯಲ್ಲೂ ಹಾಗೇ: ಹೊರಗಿನವರ ಕಿವಿಗೆ ಬಿದ್ದದ್ದು ಸದ್ದು ಮಾತ್ರ.

ಟೇಲರನಿಗೆ ಸುದ್ದಿ ಸುರಪುರದಲ್ಲಿ ಪತ್ರದ ಮೂಲಕ ಬಂತು. ರಾಣಿವಾಸಕ್ಕೆ ತಿಳಿಸುವ ಕೆಲಸವೂ ಅವನ ಪಾಲಿಗೇ ಬಂತು. 1860ರಲ್ಲಿ ಬ್ರಿಟಿಷರು ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಟೇಲರ್ ಕೆಲಸ ಬಿಟ್ಟು ಹಡಗು ಹತ್ತಿದ.